ಹಾದಿ ನೋಡಿದವರು ಯಾರು, ಯಾವತ್ತು?

ಬೆಳಗಾವಿಯಲ್ಲಿ ಚಾರಣಕ್ಕೆ ಹೋಗುವವರು, ಕುದುರೆ ಸವಾರರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಜೂನ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು. "ಸರ್, ಭಾನುವಾರ ಖಾನಾಪುರ ಕಡೆ ಹೊಂಟೀವಿ, ಹಾದಿ ಹೆಂಗೈತ್ರಿ?" ಕೇಳುವುದು ಒಳ್ಳೆಯದು. ಕೇಳದೆ ಹೋಗುವವರೇ ಜಾಸ್ತಿ. ಉತ್ತರ ಹೇಳುವ ಮೊದಲು ನಾನೇ ತಿರುಗಿ ಕೇಳುತ್ತೇನೆ. ನಡೆದು ಹೋಗ್ತೀರೋ, ಕುದುರೆ ಮೇಲೋ? ಈ ಹಾದಿ ನಿಮಗೆ ಹೇಳಿದವರು ಯಾರು? ಅವರು ಅದನ್ನು ಕೊನೆಯ ಸಲ ನೋಡಿದ್ದು ಯಾವತ್ತು?

ಈ ಕಡೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ನಮ್ಮ ಗೆಳೆಯಾ ಡಿಸೆಂಬರ್‌ದಾಗ ಹೋಗಿ ಬಂದಾನ್ರಿ, ಮಸ್ತ್ ಐತಂತ." ಡಿಸೆಂಬರ್‌ನಲ್ಲಿ ಮಸ್ತ್ ಇದ್ದ ಹಾದಿ ಜುಲೈಗೆ ಹಳ್ಳವಾಗಿ ಹರಿಯುತ್ತಿರುತ್ತದೆ. ಸೆಪ್ಟೆಂಬರ್‌ನಲ್ಲಿ ಅದೇ ಹಾದಿ ಆಳೆತ್ತರದ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ನಕ್ಷೆಯಲ್ಲಿ ಮಾತ್ರ ವರ್ಷಪೂರ್ತಿ ಒಂದೇ ಗೆರೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಕಾಡುಗುಡ್ಡದ ಹಾದಿಯ ಸುದ್ದಿಗೆ ತಾರೀಕು ಬೇಕು. ಅದನ್ನು ಕಣ್ಣಾರೆ ಕಂಡವರು ಯಾರು ಅಂತ ಗೊತ್ತಿರಬೇಕು. ಅವರು ಕಾಲ್ನಡಿಗೆಯಲ್ಲಿ ಹೋಗಿದ್ದರೋ, ಕುದುರೆ ಮೇಲೋ ಅನ್ನುವುದೂ ಗೊತ್ತಿರಬೇಕು. ಇದೊಂದೂ ಇಲ್ಲದಿದ್ದರೆ ಅದು ಗಾಳಿಮಾತು, ಅದನ್ನು ನಂಬಿ ಮಕ್ಕಳನ್ನು ಕರೆದುಕೊಂಡು ಹೋಗಬಾರದು.

ನಮ್ಮ ಭಾಗದಲ್ಲಿ ಇದು ಯಾಕೆ ಇಷ್ಟು ಮುಖ್ಯ ನೋಡಿ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಬೆಳಗಾವಿ ನಗರದಲ್ಲಿ ಅದರ ಎರಡು ಪಟ್ಟು. ಇಲ್ಲಿಂದ ಜಾಂಬೋಟಿ ದಾಟಿ ಕಣಕುಂಬಿಗೆ ಹೋದರೆ, ಬೈಕಿನ ಮೇಲೆ ಒಂದು ತಾಸಿನ ದಾರಿ, ಅಲ್ಲಿಯ ಮಳೆ ನಮ್ಮ ಊರಿನದಕ್ಕಿಂತ ಹಲವು ಪಟ್ಟು. ಆಮಗಾಂವ ಅಂತೂ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿಯಾಗಿ, ಅರಬ್ಬಿ ಸಮುದ್ರಕ್ಕೆ ಹೋಗುತ್ತಾಳೆ. ಒಂದೇ ತಾಲ್ಲೂಕಿನ ನೀರು ಎರಡು ಸಮುದ್ರಕ್ಕೆ ಹೋಗುತ್ತದೆ ಅಂದರೆ ಆ ನೆಲದ ಏರಿಳಿತ ಎಂಥದ್ದು ಅಂತ ಲೆಕ್ಕ ಹಾಕಿ. ಬೆಳಗಾವಿಯ ಟಿಳಕವಾಡಿಯಲ್ಲಿ ಬಿಸಿಲು ಬಿದ್ದಿದೆ ಅಂತ ಕಣಕುಂಬಿಯ ಹಳ್ಳ ದಾಟಲು ಹೊರಡುವುದು ತಪ್ಪು ಲೆಕ್ಕ.

ಮಳೆಯ ಲೆಕ್ಕ ನೋಡುವುದು ಈಗ ಕಷ್ಟವೇನಲ್ಲ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ ಅನ್ನುತ್ತದೆ. 115.6 ಆದರೆ ಅತಿ ಭಾರಿ. 204.5 ಮುಟ್ಟಿದರೆ ಅತ್ಯಂತ ಭಾರಿ. ಬಣ್ಣದ ಎಚ್ಚರಿಕೆಗಳನ್ನು ಎಲ್ಲರೂ ನೋಡುತ್ತೀರಿ, ಹಳದಿ, ಕಿತ್ತಳೆ, ಕೆಂಪು ಅಂತ. ಅದು ಮುಂದೆ ಬರುವ ಮಳೆಯ ಮಾತು. ಹಾದಿಗೆ ಹೋಗುವವರಿಗೆ ಬಿದ್ದು ಹೋದ ಮಳೆಯ ಲೆಕ್ಕವೂ ಅಷ್ಟೇ ಬೇಕು. ನಾಲ್ಕೈದು ದಿನ ಸುರಿದು ನಿನ್ನೆ ನಿಂತಿದ್ದರೆ, ಇವತ್ತು ಆಕಾಶ ತೊಳೆದಂತಿದ್ದರೂ ಗುಡ್ಡದ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಇಂಥ ಹೊತ್ತಿನಲ್ಲೇ ದರೆ ಜಾರುತ್ತದೆ, ಬೇರು ಸಡಿಲಾದ ಮರ ಉರುಳುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ವರುಣ ಮಿತ್ರ ಸಹಾಯವಾಣಿ ಇರುವುದು ರೈತರಿಗೆಂದು, ಆದರೆ ಮಳೆಯ ಮಾಹಿತಿ ಎಲ್ಲರಿಗೂ ಒಂದೇ ಅಲ್ವಾ? ಹಿಂದಿನ ಮೂರು ದಿನದ ಮಳೆ ಎಷ್ಟು ಅಂತ ನೋಡದೆ ಯಾರೂ ಘಟ್ಟದ ಅಂಚಿಗೆ ಹೊರಡಬೇಡಿ.

ಈಗ ಹಳ್ಳದ ವಿಚಾರ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕಂದರೆ ನಮ್ಮ ಕಡೆ ಮಳೆಗಾಲದಲ್ಲಿ ಜೀವ ಹೋಗುವುದು ಹೆಚ್ಚಾಗಿ ನೀರಿನಲ್ಲೇ. ಹುಲಿ ಕರಡಿಗೆ ಹೆದರುವವರು ಮೊಣಕಾಲು ನೀರಿಗೆ ಹೆದರುವುದಿಲ್ಲ.

ದಡಕ್ಕೆ ಬಂದ ಕೂಡಲೇ ಇಳಿಯಬೇಡಿ. ಬ್ಯಾಗು ಇಳಿಸಿ ಕೂತುಕೊಳ್ಳಿ. ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿ. ಹತ್ತು ನಿಮಿಷ ಬಿಟ್ಟು ನೋಡಿ. ಕಡ್ಡಿಯ ಬುಡ ಒಣಗಿದ್ದರೆ ನೀರು ಇಳಿಯುತ್ತಿದೆ. ಕಡ್ಡಿ ನೀರಿನೊಳಗೆ ನಿಂತಿದ್ದರೆ ಏರುತ್ತಿದೆ, ಮೇಲೆ ಎಲ್ಲೋ ಮಳೆ ಸುರಿಯುತ್ತಿದೆ. ಆಮೇಲೆ ಬಣ್ಣ ನೋಡಿ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತೋ, ಹಸಿರೆಲೆ, ಮುರಿದ ಕಡ್ಡಿ, ನೊರೆ ತೇಲಿ ಬರತೊಡಗಿತೋ, ಅಲ್ಲಿಗೆ ಆ ದಿನದ ದಾಟುವ ಮಾತು ಮುಗಿಯಿತು. ಕಿವಿಯನ್ನೂ ಕೊಡಿ. ತಳದಲ್ಲಿ ಗುಂಡುಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ, ನಿಮ್ಮ ಕಾಲನ್ನು ಎತ್ತಿ ಒಗೆಯುವಷ್ಟು ಬಲ ಆ ನೀರಿಗಿದೆ ಎಂದು ಅರ್ಥ. ನೀರು ಇಳಿಯುತ್ತಿದ್ದು ದಾಟುವುದೇ ಆದರೆ ಅಗಲವಾದ ಜಾಗ ಹುಡುಕಿ, ಅಲ್ಲಿ ಆಳ ಕಡಿಮೆ. ಕೈಯಲ್ಲಿ ಗಟ್ಟಿ ಕೋಲು ಇರಲಿ, ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಲಿ. ಬಿದ್ದರೆ ಬ್ಯಾಗು ಹೋಗಲಿ, ನೀವು ಉಳಿಯಬೇಕು. ಓಡುವ ನೀರು ಮೊಣಕಾಲು ದಾಟಿದರೆ ವಾಪಸ್.

ಇನ್ನೊಂದು ಮಾತು. ಬೆಳಗ್ಗೆ ದಾಟಿದ ಹಳ್ಳವನ್ನೇ ಸಂಜೆ ಮತ್ತೆ ದಾಟಬೇಕು. ಹೋಗುವಾಗ ಪಾದ ಮುಳುಗಿದ್ದ ನೀರು ಬರುವಾಗ ಸೊಂಟಕ್ಕೆ ಬಂದಿರಬಹುದು. ಹಾಗಾಗಿ ಹಳ್ಳ ಹೇಗಿದೆ ಅಂತ ಕೇಳುವಾಗ, ಮಳೆ ಬಂದರೆ ಆಚೆ ದಡದಿಂದ ಬೇರೆ ದಾರಿ ಇದೆಯೇ ಅನ್ನುವುದನ್ನೂ ಕೇಳಿ. ಇಲ್ಲ ಅಂದರೆ ಮಳೆಗಾಲದಲ್ಲಿ ಆ ಹಾದಿ ಬೇಡ. ಗೋಕಾಕದ ಕಡೆ ಹೋಗುವವರಿಗೆ ಲೆಕ್ಕ ಬೇರೆ. ಘಟಪ್ರಭೆಗೆ ಮೇಲೆ ಹಿಡಕಲ್ ಅಣೆಕಟ್ಟು ಇದೆ. ಗೋಕಾಕದಲ್ಲಿ ಒಂದು ಹನಿ ಬೀಳದಿದ್ದರೂ ಅಲ್ಲಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 52 ಮೀಟರ್ ಎತ್ತರದಿಂದ ನೀರು ಧುಮುಕುವ ಜಾಗದಲ್ಲಿ ಅಂಚಿನ ಬಂಡೆಯ ಮೇಲೆ ನಿಂತು ಫೋಟೊ ತೆಗೆಯುವವರು, ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಯನ್ನು ಅವತ್ತಿನ ಬೆಳಗ್ಗೆ ಓದಿರಬೇಕು.

ನೀರಿನ ಆಚೆ ಮಳೆಗಾಲದ ಉಳಿದ ಕಷ್ಟಗಳು ನಿಮಗೆ ಗೊತ್ತೇ ಇವೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಯಾವ ಬೂಟೂ ನಿಲ್ಲುವುದಿಲ್ಲ. ಘಟ್ಟದ ಅಂಚಿನ ಬಯಲುಗಳಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ, ಹತ್ತು ಹೆಜ್ಜೆ ಮುಂದೆ ಕೊಳ್ಳ ಇರುತ್ತದೆ. ಮಳೆ ಮುಗಿದ ಮೇಲೆ ಕಾರ್ವಿ ಗಿಡಗಳು ಒತ್ತಾಗಿ ಬೆಳೆದು ಹಾದಿಯನ್ನು ನುಂಗುತ್ತವೆ.

ಬೇಸಿಗೆಯ ಸುದ್ದಿ ಬೇರೆ ತರಹದ್ದು. ಫೆಬ್ರವರಿಯಿಂದ ನೀರು ಎಲ್ಲಿ ಉಳಿದಿದೆ, ಬೆಂಕಿ ಎಲ್ಲಿ ಬಿದ್ದಿದೆ ಅನ್ನುವುದೇ ಮುಖ್ಯ. 2023ರ ಮಾರ್ಚ್‌ನಲ್ಲಿ ಗಡಿಯಾಚೆ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಬೆಂಕಿ ಉರಿಯಿತು. ಇಂಥ ದಿನಗಳಲ್ಲಿ ಕಾಡಿಗೆ ಹೋಗದಿರುವುದೇ ನಾವು ಮಾಡಬಹುದಾದ ದೊಡ್ಡ ಸಹಾಯ. ಹೆಜ್ಜೇನು ಎಲ್ಲಿ ಕಟ್ಟಿದೆ ಅಂತ ಕೇಳಿಕೊಳ್ಳಿ, ಕುದುರೆಯವರಂತೂ ತಪ್ಪದೆ ಕೇಳಿ. ಮಂಗ ಸತ್ತು ಬಿದ್ದಿರುವ ಸುದ್ದಿ ಇದೆಯೇ ಅಂತಲೂ ಕೇಳಬೇಕು. ಮಂಗನ ಕಾಯಿಲೆ ನಮ್ಮ ಪಕ್ಕದ ಗೋವಾದ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. ಅದು ಉಣ್ಣೆ ಹುಳ ಕಚ್ಚುವುದರಿಂದ ಬರುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಮಂಗ ಸತ್ತ ಕಾಡಿಗೆ ಹೋಗಬೇಡಿ, ಸತ್ತ ಮಂಗ ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.

ಹಾದಿ ಚೆನ್ನಾಗಿದ್ದರೂ ಅದು ತೆರೆದಿದೆಯೇ ಅನ್ನುವುದು ಬೇರೆ ಪ್ರಶ್ನೆ. ಭೀಮಗಡ 2011ರಲ್ಲಿ ಅಭಯಾರಣ್ಯ ಆಯಿತು, ಸುಮಾರು 190 ಚದರ ಕಿ.ಮೀ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಬಾವಲಿ ಜಗತ್ತಿನಲ್ಲಿ ಬಹಳ ಕಡಿಮೆ ಕಡೆ ಸಿಗುವ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ. ನನಗೆ ಈ ಕಾನೂನು ಸರಿ ಅನ್ನಿಸುತ್ತದೆ. ಗುಹೆಯೊಳಗೆ ಟಾರ್ಚ್ ಬಿಟ್ಟು ಬಾವಲಿ ಎಬ್ಬಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ದೂಧಸಾಗರಕ್ಕೆ ಕ್ಯಾಸಲ್‌ರಾಕ್ ಕಡೆಯಿಂದ ರೈಲು ಹಳಿ ಹಿಡಿದು ನಡೆಯುವುದೂ ಅಷ್ಟೇ, ರೈಲ್ವೆ ಕಾಯ್ದೆಯ ಕೆಳಗೆ ಅಪರಾಧ. ಹಿಂದೆ ಎಲ್ಲರೂ ಹೋಗುತ್ತಿದ್ದರಲ್ಲ ಅನ್ನಬೇಡಿ. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಾಲದು. ರಾಜ್ಯದ ಅರಣ್ಯ ಇಲಾಖೆ 2024ರಲ್ಲಿ ಅರಣ್ಯ ವಿಹಾರ ಅನ್ನುವ ಆನ್‌ಲೈನ್ ಬುಕಿಂಗ್ ಶುರು ಮಾಡಿತು. ನೀವು ಹೋಗುವ ಹಾದಿ ಅದರಲ್ಲಿದೆಯೇ ನೋಡಿ. ಮಳೆಗಾಲದಲ್ಲಿ ಜಲಪಾತಗಳಿಗೆ ಹೋಗುವುದನ್ನು ತಡೆದು ಆಗಾಗ ಆದೇಶ ಬರುತ್ತದೆ. ಇಂಥ ಆದೇಶ ಒಮ್ಮೊಮ್ಮೆ ಹಿಂದಿನ ದಿನವೇ ಬಂದಿರುತ್ತದೆ, ಹಾಗಾಗಿ ಹೊರಡುವ ಮುಂಚೆ ಖಾನಾಪುರದ ಅರಣ್ಯ ಕಚೇರಿಯಲ್ಲಿ ಕೇಳುವುದು ಉತ್ತಮ.

ಇನ್ನು ಊರವರನ್ನು ಕೇಳುವ ಬಗೆ. ಹಾದಿಯ ಬಗ್ಗೆ ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆದರೆ ನಾವು ಕೇಳುವ ರೀತಿ ಸರಿ ಇರುವುದಿಲ್ಲ. "ಕಾಕಾ, ಹಾದಿ ಚೊಲೊ ಐತೇನ್ರಿ?" ಅಂದರೆ "ಐತ್ರಿ, ಹೋಗ್ರಿ" ಅನ್ನುತ್ತಾರೆ. ಅವರಿಗೆ ಅದು ಚೊಲೊ ಹಾದಿಯೇ. ತಲೆ ಮೇಲೆ ಹೊರೆ ಹೊತ್ತು ಬರಿಗಾಲಲ್ಲಿ ಹೋಗಿ ಬರುವವರು ಅವರು. "ಎಷ್ಟು ದೂರ?" ಅಂದರೆ "ಇಲ್ಲೇ ಐತಿ" ಅನ್ನುತ್ತಾರೆ. ಹಾಗೆ ಕೇಳುವ ಬದಲು, ಕಂಡದ್ದನ್ನು ಹೇಳುವಂತೆ ಕೇಳಿ. "ಕಾಕಾ, ನಿನ್ನೆ ಹಳ್ಳ ದಾಟಿ ಯಾರರ ಬಂದ್ರೇನ್ರಿ? ನೀರು ಎಲ್ಲಿಮಟ ಇತ್ತು?" "ಈ ವಾರ ನಿಮ್ಮ ದನಾ ಆ ಕಡೆ ಮೇಯಾಕ ಹ್ವಾದ್ವೇನ್ರಿ?" ಆಗ ಉತ್ತರದ ಧಾಟಿಯೇ ಬದಲಾಗುತ್ತದೆ. "ಇಲ್ರಿ, ಸೋಮವಾರದಿಂದ ಆ ಕಡಿ ಬಿಟ್ಟಿಲ್ಲ, ಗವಿಯಾಗ ಕರಡಿ ಮರಿ ಹಾಕೇತಿ" ಅಂತ ಒಬ್ಬ ಅಜ್ಜ ಹೇಳಿದರೆ, ಅದಕ್ಕಿಂತ ದೊಡ್ಡ ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ದನ ಕಾಯುವ ಗೌಳಿಗರು, ಕಾಡಂಚಿನ ಶಾಲೆಗೆ ಹೋಗಿ ಬರುವ ಮಾಸ್ತರರು, ಆಶಾ ಕಾರ್ಯಕರ್ತೆಯರು, ಅರಣ್ಯ ಇಲಾಖೆಯ ವಾಚರುಗಳು, ಇವರೆಲ್ಲ ಹಾದಿಯನ್ನು ದಿನಾ ನೋಡುವವರು. ಖಾನಾಪುರದ ಒಳಗಿನ ಊರುಗಳಲ್ಲಿ ಮರಾಠಿ, ಕೊಂಕಣಿ ಆಡುವವರೇ ಹೆಚ್ಚು, ಅವರ ಮಾತಿನಲ್ಲಿ ನಾಲ್ಕು ಮಾತು ಕಲಿತಿದ್ದರೆ ಕೆಲಸ ಸುಲಭ. ಮಾಹಿತಿ ಕೊಟ್ಟವರ ಮನೆ ಮುಂದೆ ಪ್ಲಾಸ್ಟಿಕ್ ಚೆಲ್ಲಿ ಬರಬೇಡಿ ಅಂತ ಹೇಳಬೇಕಾಗಿ ಬರುವುದು ಬೇಸರದ ಸಂಗತಿ. ಆದರೂ ಹೇಳುತ್ತಿದ್ದೇನೆ.

ಬಾಗಲಕೋಟೆ ಕಡೆಯಿಂದ ಬಂದವರು ಇದ್ದೀರಿ. ನಿಮ್ಮಲ್ಲಿ ಮಳೆ ಕಡಿಮೆ, ಹಾಗಂತ ಹಾದಿ ನೋಡಬೇಕಿಲ್ಲ ಅಂತಲ್ಲ. ಬಾದಾಮಿಯಿಂದ ಗುಡ್ಡ ಹತ್ತಿ ಮಹಾಕೂಟಕ್ಕೆ ಹೋಗುವ ಹಳೆಯ ಕಾಲುಹಾದಿ ನನಗೆ ಬಹಳ ಇಷ್ಟ. ಅಲ್ಲಿಯದು ಕೆಂಪು ಮರಳುಗಲ್ಲು. ಮರಳುಗಲ್ಲು ನೀರು ಹೀರಿದರೆ ಬಲ ಕಳೆದುಕೊಳ್ಳುತ್ತದೆ. ಬಾದಾಮಿಯಲ್ಲಿ ಬಂಡೆ ಹತ್ತುವವರಿಗೆ ಇದು ಚೆನ್ನಾಗಿ ಗೊತ್ತು, ಮಳೆ ಬಂದ ಮೇಲೆ ಕಲ್ಲು ಪೂರ್ತಿ ಒಣಗುವವರೆಗೆ ಅವರು ಕೈ ಹಚ್ಚುವುದಿಲ್ಲ. ನಡೆಯುವವರೂ ಅಂಚಿನ ಚಪ್ಪಡಿ ಹಿಡಿದು ಭಾರ ಹಾಕುವ ಮುನ್ನ ಯೋಚಿಸಬೇಕು. ಏಪ್ರಿಲ್‌ನಲ್ಲಿ ಅದೇ ಕಲ್ಲು ಕಾದ ಹಂಚಾಗುತ್ತದೆ. ಬೆಳಗಿನ ಒಂಬತ್ತರೊಳಗೆ ಮಹಾಕೂಟದ ಪುಷ್ಕರಣಿ ಸೇರುವ ಹಾಗೆ ಹೊರಡಿ.

ಈಗ ಕುದುರೆಯವರಿಗೆ. ನಡೆಯುವವರು ಹೇಳಿದ ಹಾದಿಯ ಸುದ್ದಿಯನ್ನು ಕುದುರೆಯವರು ಹಾಗೇ ತೆಗೆದುಕೊಳ್ಳಬಾರದು. ಮನುಷ್ಯ ಬಗ್ಗಿ ನುಸುಳಿದ ಬಿದಿರು ಮೆಳೆ ಸವಾರನ ಮುಖಕ್ಕೆ ಬಡಿಯುತ್ತದೆ, ಯಾಕಂದರೆ ಜೀನಿನ ಮೇಲೆ ಕೂತವನ ತಲೆ ಎಂಟು ಅಡಿ ಹತ್ತಿರ ಇರುತ್ತದೆ. ಹಾದಿಗೆ ಅಡ್ಡ ಬಿದ್ದ ಮರವನ್ನು ನಾವು ಹತ್ತಿ ಇಳಿಯುತ್ತೇವೆ. ಕುದುರೆಗೆ ಅದು ಗೋಡೆ. ಸುತ್ತು ಹಾಕೋಣ ಅಂದರೆ ಒಂದು ಕಡೆ ದರೆ, ಇನ್ನೊಂದು ಕಡೆ ಕೊಳ್ಳ. ಇಕ್ಕಟ್ಟಿನ ಹಾದಿಯಲ್ಲಿ ಕುದುರೆಯನ್ನು ತಿರುಗಿಸಲು ಜಾಗ ಬೇಕು. ಅದು ಸಿಗದೆ ಹಿಂದಕ್ಕೆ ನಡೆಸಲು ಹೋದಾಗಲೇ ಹಿಂಗಾಲು ಜಾರುತ್ತದೆ. ಹಾಗಾಗಿ ನೀವು ಕೇಳಬೇಕಾದ ಮೊದಲ ಮಾತು: ಈ ಹಾದಿಯಲ್ಲಿ ಚಕ್ಕಡಿ ಹೋಗುತ್ತದೆಯೇ? ಎತ್ತು ಎಮ್ಮೆ ಹೋಗುತ್ತವೆಯೇ? ಚಕ್ಕಡಿ ಹಾದಿ ಆದರೆ ನಿಶ್ಚಿಂತೆ. ಬರೀ ಕಾಲುಹಾದಿ ಆದರೆ ಮೊದಲು ನೀವೇ ನಡೆದು ನೋಡಿ ಬನ್ನಿ, ಆಮೇಲೆ ಕುದುರೆ ಒಯ್ಯಿರಿ. ಇದರಲ್ಲಿ ಅಡ್ಡದಾರಿ ಇಲ್ಲ.

ಸೇತುವೆ ನೋಡಿ. ಬಿದಿರು, ಅಡಿಕೆ ದಬ್ಬೆಯ ಸಂಕ ನಾಲ್ಕು ಜನರ ಭಾರ ತಡೆದೀತು, ಮುನ್ನೂರು ನಾಲ್ಕುನೂರು ಕಿಲೋ ತೂಗುವ ಕುದುರೆಯ ಭಾರ ಬರುವುದು ಪುಟ್ಟ ಗೊರಸಿನ ಮೇಲೆ. ಒಂದು ಹಲಗೆ ಮುರಿದರೆ ಕಾಲು ಮುರಿಯುತ್ತದೆ. ಕುದುರೆಯ ಕಾಲು ಮುರಿದರೆ ಮುಂದೇನಾಗುತ್ತದೆ ಅಂತ ಸಾಕಿದವರಿಗೆ ಗೊತ್ತು. ಸಂಕ ಬಿಟ್ಟು ನೀರಿನಲ್ಲಿ ದಾಟಿಸುವುದಾದರೆ ತಳ ಹೇಗಿದೆ ನೋಡಿ. ಮರಳು, ಸಣ್ಣ ಕಲ್ಲು ಆದರೆ ಸರಿ. ಪಾಚಿಗಟ್ಟಿದ ಗುಂಡುಕಲ್ಲು ಬೇಡ. ಓಡುವ ನೀರು ಹೊಟ್ಟೆ ಮುಟ್ಟಿದರೆ ಕುದುರೆಯೂ ತೇಲುತ್ತದೆ.

ತಂತಿ ಬೇಲಿ, ಸೋಲಾರ್ ಬೇಲಿ ಇವತ್ತು ಕಾಡಂಚಿನ ಎಲ್ಲ ಹೊಲಗಳಲ್ಲಿ ಇವೆ. ಹೋದ ವರ್ಷ ತೆರೆದಿದ್ದ ಹಾದಿಗೆ ಈ ವರ್ಷ ತಂತಿ ಬಂದಿರಬಹುದು. ಹುಲ್ಲಿನಲ್ಲಿ ಮುಚ್ಚಿದ ತುಕ್ಕು ತಂತಿ ಕುದುರೆಗೆ ಕಾಣುವುದಿಲ್ಲ. ಮನೆ, ಗುಡಿಗಳ ಹತ್ತಿರ ಕಣಗಿಲೆ ಗಿಡ ಇರುತ್ತದೆ. ನಿಂತಾಗ ಕುದುರೆ ಅದಕ್ಕೆ ಬಾಯಿ ಹಾಕದ ಹಾಗೆ ಕಟ್ಟಿ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ. ನೀರಿನ ಲೆಕ್ಕವೂ ದೊಡ್ಡದು. ಒಂದು ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಬಿಸಿಲಲ್ಲಿ ಇನ್ನೂ ಹೆಚ್ಚು. ಅದನ್ನು ಬೆನ್ನ ಮೇಲೆ ಹೊತ್ತು ಹೋಗಲಾಗುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ "ಅಲ್ಲೊಂದು ಕೆರೆ ಐತ್ರಿ" ಅಂದರೆ ಸಾಲದು, ಅದರಲ್ಲಿ ನೀರು ಐತೇನು, ದನ ಇಳಿದು ಕುಡಿಯುವ ದಾರಿ ಐತೇನು ಅಂತ ಕೇಳಬೇಕು.

ಗೊರಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜಂಬಿಟ್ಟಿಗೆಯ ನೆಲದಲ್ಲಿ ಸಣ್ಣ ಚೂಪು ಕಲ್ಲು ಜಾಸ್ತಿ. ಪ್ರತಿ ಸಲ ನಿಂತಾಗಲೂ ಇಳಿದು ನಾಲ್ಕೂ ಕಾಲು ಎತ್ತಿ ನೋಡಿ. ಗೊರಸಿನ ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಇದೆಯಲ್ಲ, ಅದರ ಎರಡು ಮಗ್ಗುಲ ಸಂದಿಯಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯಿಂದ ಮುಂದಕ್ಕೆ ಕೊಕ್ಕೆ ಎಳೆದು ತೆಗೆಯಬೇಕು. ಲಾಳದ ಮೊಳೆ ಮೇಲೆದ್ದಿದೆಯೇ, ಲಾಳ ಅಲ್ಲಾಡುತ್ತದೆಯೇ ಅಂತ ಬೆರಳಿಟ್ಟು ನೋಡಿ. ಒಂದು ಗೊರಸು ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿಂದ ಮುಂದೆ ಇಳಿದು ನಡೆಯಿರಿ. ವಿಜಯಪುರ, ಇಂಡಿ, ಸಿಂದಗಿ ಕಡೆಯ ಎರೆ ಭೂಮಿಯಲ್ಲಿ ತೊಂದರೆ ಬೇರೆ. ಮಳೆಯಲ್ಲಿ ಆ ಮಣ್ಣು ಲಾಳವನ್ನೇ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಗೊರಸು ಇಳಿಯುವಷ್ಟು ಅಗಲ ಬಿರುಕು ಬಿಡುತ್ತದೆ. ಭೀಮಾ ತೀರದ ಭೀಮಥಡಿ ಕುದುರೆಗಳು ಈ ನೆಲಕ್ಕೆ ಪಳಗಿದವು, ಮರಾಠರ ದಂಡು ಏರಿದ್ದು ಅವನ್ನೇ. ಹೊರಗಿನಿಂದ ತಂದ ಎತ್ತರದ ಕುದುರೆಗೆ ಈ ನೆಲದ ರೂಢಿ ಆಗಲು ಸಮಯ ಕೊಡಿ.

ಹಾದಿಯ ಸುದ್ದಿ ಹೇಗೆ ಇಡಬೇಕು ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಹೇಳುತ್ತೇನೆ. ಅಲ್ಲಿ 1964ರಲ್ಲಿ ವೈಲ್ಡರ್‌ನೆಸ್ ಕಾಯ್ದೆ ಬಂತು. ಆ ಕಾಯ್ದೆಯ ಕಾಡುಗಳಲ್ಲಿ ಮೋಟಾರು ಓಡಿಸುವಂತಿಲ್ಲ, ಸೈಕಲ್ ಕೂಡ ಇಲ್ಲ. ಕಾಲ್ನಡಿಗೆ, ಇಲ್ಲವೇ ಕುದುರೆ, ಹೇಸರಗತ್ತೆ. ಚಳಿಗಾಲದಲ್ಲಿ ಮರಗಳು ಹಾದಿಗೆ ಅಡ್ಡ ಬೀಳುತ್ತವೆ. ಕೊಯ್ಯಲು ಮೋಟಾರು ಗರಗಸ ಬಳಸುವಂತಿಲ್ಲ, ಸಾಮಾನ್ಯವಾಗಿ ಇಬ್ಬರು ಎರಡು ತುದಿ ಹಿಡಿದು ಎಳೆಯುವ ಕೈಗರಗಸವೇ ಗತಿ. ಹಾಗಾಗಿ ಯಾವ ಹಾದಿ ತೆರವಾಗಿದೆ, ಯಾವುದು ಆಗಿಲ್ಲ ಅನ್ನುವ ಸುದ್ದಿ ಅಲ್ಲಿ ಬಹಳ ಮುಖ್ಯ. 1973ರಲ್ಲಿ ಮೊಂಟಾನಾದಲ್ಲಿ ಶುರುವಾದ ಬ್ಯಾಕ್‌ಕಂಟ್ರಿ ಹಾರ್ಸ್‌ಮೆನ್ ಅನ್ನುವ ಸವಾರರ ಸಂಘದವರು ಸಾಮಾನು ಹೇರಿಕೊಂಡು ಹೋಗಿ ಹಾದಿ ತೆರವು ಮಾಡುತ್ತಾರೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ 4,265 ಕಿ.ಮೀ. ಹೋಗುವ ಪೆಸಿಫಿಕ್ ಕ್ರೆಸ್ಟ್ ಹಾದಿಯೂ ನಡೆಯುವವರಿಗೆ, ಕುದುರೆಯವರಿಗೆ ಮಾತ್ರ. ಅಲ್ಲಿ ಹಿಮ ಕರಗಿದ ನೀರು ಬಿಸಿಲೇರಿದಂತೆ ಹೆಚ್ಚುತ್ತದೆ, ಹಳ್ಳಗಳನ್ನು ಬೆಳಗಿನ ಜಾವ ದಾಟುತ್ತಾರೆ. ನಮ್ಮ ಹಳ್ಳಕ್ಕೆ ಆ ನಿಯಮ ಹತ್ತುವುದಿಲ್ಲ, ಇಲ್ಲಿ ರಾತ್ರಿಯಿಡೀ ಮಳೆ ಸುರಿದಿದ್ದರೆ ಬೆಳಗಿನ ಜಾವವೇ ಅಪಾಯ. ಅವರಿಂದ ನಾವು ತೆಗೆದುಕೊಳ್ಳಬೇಕಾದದ್ದು ಸುದ್ದಿ ಬರೆಯುವ ಶಿಸ್ತು. ಯಾವ ದಿನ, ಯಾವ ಜಾಗದಿಂದ ಯಾವ ಜಾಗದವರೆಗೆ, ಎಷ್ಟು ಮರ ಅಡ್ಡ ಇವೆ, ಕುದುರೆ ದಾಟುತ್ತದೋ ಇಲ್ಲವೋ. ಅಷ್ಟೇ, ವರ್ಣನೆ ಇಲ್ಲ.

ಇದು ನಮಗೆ ಹೊಸದೂ ಅಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿಯಿಂದ ಪ್ರತಿ ಯುಗಾದಿಗೆ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ ಕೈಲಾಸದ್ವಾರದವರೆಗೆ ನಲ್ಲಮಲ ಕಾಡು, ಹುಲಿ ಇರುವ ಕಾಡು. ಹಬ್ಬದ ದಿನಗಳಲ್ಲಿ ಮಾತ್ರ ಆ ಹಾದಿ ತೆರೆಯುತ್ತಾರೆ. ಮುಂದೆ ಹೋದ ತಂಡದವರು ಹಿಂದಿನವರಿಗೆ ನೀರು ಎಲ್ಲಿದೆ, ದಾಸೋಹ ಎಲ್ಲಿದೆ ಅಂತ ತಿಳಿಸುತ್ತಾರೆ. ಚಿಕ್ಕೋಡಿ ಕಡೆಯ ಅಂಕಲಿಯಿಂದ ಶಿತೋಳೆ ಸರದಾರರ ಕುದುರೆಗಳು ಪ್ರತಿ ವರ್ಷ ಜ್ಞಾನೇಶ್ವರ ಮಹಾರಾಜರ ಪಾಲಖಿಗೆಂದು ಪುಣೆ ಹತ್ತಿರದ ಆಳಂದಿಗೆ ಹೋಗುತ್ತವೆ. ಮುನ್ನೂರು ಕಿ.ಮೀ. ಹತ್ತಿರದ ದಾರಿ, ಪೂರ್ತಿ ನಡಿಗೆಯಲ್ಲೇ, ಗೊತ್ತಾದ ಊರುಗಳಲ್ಲಿ ತಂಗುತ್ತ. ಕುದುರೆಗೆ ನೀರು, ಮೇವು, ನೆರಳು ಎಲ್ಲಿ ಸಿಗುತ್ತದೆ ಅನ್ನುವುದು ಆ ಮುಕ್ಕಾಮುಗಳಲ್ಲೇ ಅಡಗಿದೆ. ತಲೆಮಾರುಗಳಿಂದ ಬಂದ ಈ ತಿಳಿವಳಿಕೆಯನ್ನು ನಾವು ಭಾನುವಾರದ ಚಾರಣಕ್ಕೂ ತರಬೇಕು.

ಅದಕ್ಕೆ ನನ್ನ ಕೋರಿಕೆ ಇದು. ಹೋಗಿ ಬಂದ ದಿನ ರಾತ್ರಿ ಮಲಗುವ ಮುಂಚೆ ನಿಮ್ಮ ಗುಂಪಿಗೆ ನಾಲ್ಕು ಸಾಲು ಬರೆಯಿರಿ. ಹೀಗೆ: "ಆಗಸ್ಟ್ 10, ಭಾನುವಾರ. ಕಾಲ್ನಡಿಗೆ. ಎರಡನೇ ಹಳ್ಳ ಬೆಳಗ್ಗೆ 8ಕ್ಕೆ ಪಾದದ ಮೇಲೆ, ಮಧ್ಯಾಹ್ನ 3ಕ್ಕೆ ಮೊಣಕಾಲು. ಹಳ್ಳದಾಚೆ ಮತ್ತಿ ಮರ ಅಡ್ಡ ಬಿದ್ದಿದೆ, ಕುದುರೆ ದಾಟುವುದಿಲ್ಲ. ಗುಡಿಯಿಂದ ಮುಂದೆ ಹೋಗಿಲ್ಲ, ಆಚೆಯದು ಗೊತ್ತಿಲ್ಲ." ಕಡೆಯ ಸಾಲು ಬಿಡಬೇಡಿ. ನೋಡದ್ದನ್ನು ನೋಡಿಲ್ಲ ಅಂತ ಬರೆದವರ ಸುದ್ದಿಯನ್ನು ನಾನು ಪೂರ್ತಿ ನಂಬುತ್ತೇನೆ. ಜಲಪಾತದ ಮುಂದೆ ನಿಂತ ಫೋಟೊ ಹಾಕುವವರು ಹಾಕಲಿ, ಜೊತೆಗೆ ಹಳ್ಳದ ಫೋಟೊ ಒಂದು ಇರಲಿ, ಕೋಲು ನೀರಿನಲ್ಲಿ ನಿಲ್ಲಿಸಿ ತೆಗೆದದ್ದು. ಅಪರೂಪದ ಜೀವಿಗಳ ಜಾಗ, ಗೂಡು, ಗುಹೆ ಇವುಗಳ ಸುದ್ದಿ ಮಾತ್ರ ಹಾಕಬೇಡಿ.

ಪ್ರಶ್ನೆಗಳಿಗೆ ಬರೋಣ.

ಫೋನಿನಲ್ಲಿ ಹಾದಿಯ ಗೆರೆ ಇಳಿಸಿಕೊಂಡಿದ್ದರೆ ಸಾಲದೇ ಅಂತ ಒಬ್ಬರು ಕೇಳಿದರು. ಗೆರೆ ದಿಕ್ಕು ಹೇಳುತ್ತದೆ, ಸ್ಥಿತಿ ಹೇಳುವುದಿಲ್ಲ. ಅದು ಯಾವ ತಿಂಗಳ ಗೆರೆ ಅಂತ ನೋಡಿ. ಕಾಡಿನೊಳಗೆ ನೆಟ್‌ವರ್ಕ್ ಇರುವುದಿಲ್ಲ, ಹಾಗಾಗಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ.

ಮನೆಯವರಿಗೆ ಏನು ಹೇಳಿ ಹೋಗಬೇಕು ಅಂತ ಒಬ್ಬ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಒಂದು ಚೀಟಿ ಬರೆದಿಡಮ್ಮ. ಯಾವ ಊರಿನಿಂದ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ, ಗಾಡಿ ಎಲ್ಲಿ ನಿಲ್ಲಿಸಿರುತ್ತೀರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಮರಗಳ ಕೆಳಗೆ ಕತ್ತಲೆ ಇನ್ನೂ ಬೇಗ. ಎಲ್ಲಿದ್ದರೂ ಮಧ್ಯಾಹ್ನ ಇಷ್ಟು ಗಂಟೆಗೆ ತಿರುಗುತ್ತೇವೆ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

ಹಿಮಾಲಯಕ್ಕೆ ಹೋಗುವ ತಯಾರಿಯಲ್ಲಿರುವ ಹುಡುಗರೂ ಕೇಳಿದರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕು ನಮ್ಮ ರಾಜ್ಯದ ಒಂಬತ್ತು ಮಂದಿ ತೀರಿಕೊಂಡರು. ಅವರ ನೆನಪು ನನ್ನ ಮನಸ್ಸಿನಿಂದ ಹೋಗಿಲ್ಲ. ಅಷ್ಟು ಎತ್ತರದಲ್ಲಿ ಬೆಳಗಿನ ಆಕಾಶ ನೋಡಿ ಮಧ್ಯಾಹ್ನವನ್ನು ನಂಬಲಾಗದು. ಅಲ್ಲಿ ಹಾದಿಯ ಸುದ್ದಿಯ ಆಯುಸ್ಸು ದಿನಗಳದ್ದಲ್ಲ, ಗಂಟೆಗಳದ್ದು. ಸ್ಥಳೀಯ ಗೈಡ್ ಇವತ್ತು ಬೇಡ ಅಂದರೆ ರಜೆ ಮುಗಿಯುತ್ತದೆ, ದುಡ್ಡು ಹೋಗುತ್ತದೆ ಅನ್ನಬೇಡಿ.

ಕಡೆಯ ಪ್ರಶ್ನೆ, ನಡೆಯುವವರಿಗೆ ಹಾದಿಯಲ್ಲಿ ಕುದುರೆ ಎದುರಾದರೆ ಏನು ಮಾಡಬೇಕು ಅಂತ. ನಡೆಯುವವರೇ ಹಾದಿ ಬಿಡಬೇಕು. ಎಲ್ಲರೂ ಒಂದೇ ಕಡೆ ಸರಿಯಿರಿ, ನಿಲ್ಲಲು ಜಾಗವಿದ್ದರೆ ಇಳಿಜಾರಿನ ಕೆಳಬದಿಗೆ. ಬೆದರಿದ ಕುದುರೆ ಮೇಲುಗಡೆಗೆ ನೆಗೆಯಲಿ, ಕೊಳ್ಳದ ಕಡೆಗಲ್ಲ. ಪೊದೆಯ ಹಿಂದೆ ಅಡಗಿ ಸುಮ್ನೆ ನಿಲ್ಲಬೇಡಿ, ಕುದುರೆ ನಿಮ್ಮನ್ನು ಬೇಟೆಯಾಡುವ ಪ್ರಾಣಿ ಅಂದುಕೊಳ್ಳುತ್ತದೆ. ಕಾಣುವ ಹಾಗೆ ನಿಂತು ಮೆಲ್ಲಗೆ ಮಾತಾಡಿ, ಮನುಷ್ಯರ ದನಿ ಕೇಳಿದರೆ ಅದು ಸಮಾಧಾನ ಆಗುತ್ತದೆ. ಕೊಡೆ ಬಿಚ್ಚಬೇಡಿ, ಪ್ಲಾಸ್ಟಿಕ್ ರೇನ್‌ಕೋಟು ಕೊಡವಬೇಡಿ. ಸವಾರರು ಹೆಜ್ಜೆ ನಡಿಗೆಗೆ ಇಳಿಸಿ ದಾಟಬೇಕು, ಹಿಂದೆ ಇನ್ನೆಷ್ಟು ಕುದುರೆ ಬರುತ್ತಿವೆ ಅಂತ ನಡೆಯುವವರಿಗೆ ಹೇಳಬೇಕು. ದಾಟಿ ಹೋಗುವಾಗ ಮುಂದಿನ ಹಳ್ಳದಲ್ಲಿ ನೀರು ಎಷ್ಟಿದೆ ಅಂತ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಿ.